ಗಿಲಾವ್ ಬಿದ್ದ ಪಾಠ

ಬರ ಬಿದ್ದು ನಮ್ಮ ಔರಾದ ಕಡೆಯ ಮಂದಿ ಹೈದರಾಬಾದಿಗೆ ಬುಟ್ಟಿ ಹೊರಲಿಕ್ಕೆ ಹೋದರು. ಅವರೂ ಗೋಡೆ ಕಟ್ಟೋ ಗೌಂಡಿ ಆಗಲಿ ಅಂತ ಬೀದರದ ಮೇಡಂ ಒಬ್ಬರು ಮೊಬೈಲಿನಾಗ ಪಾಠ ಸುರು ಮಾಡಿದರು. ಕಲಿಸುವವ ಹಳೇ ಗೌಂಡಿ ನಾನು. ಇಷ್ಟು ಚಂದ ನಮ್ಮ ಕೈಲಿ ಆಗಂಗಿಲ್ಲ ಅಂತ ಎರಡು ಪಾಠಕ್ಕೇ ಎಲ್ಲರೂ ಬಿಟ್ಟರು.

ಮೂರನೇ ಪಾಠದ ವಿಡಿಯೋ ಮಾಡುವಾಗ, ಬರದಾಗ ನೀರು ಉಳಿಸೋ ಚಟಕ್ಕೆ, ಗೋಡೆ ತೋಯಿಸಲಿಲ್ಲ. ಹಚ್ಚಿದ ಸಿಮೆಂಟಿನ ಗಿಲಾವ್ ಧಪ್ ಅಂತ ನನ್ನ ಮೈಮ್ಯಾಲೇ ಬಿತ್ತು.

"ಇದು ಅಳಿಸಿಬಿಡ್ರಿ ಮೇಡಂ."

"ಇರಲಿ ಬಿಡ್ರಿ ಕಾಕಾ. ನಿಮ್ಮದೂ ಬೀಳ್ತದ ಅಂತ ನೋಡಲಿ."

ಮರುದಿನ ಎಲ್ಲರೂ ತಮ್ಮ ಗಿಲಾವ್ ಬಿದ್ದ ವಿಡಿಯೋ ಕಳಿಸಿದರು. "ಕಾಕಾ, ಇಲ್ಲಿ ನೀರದ, ಬರ್ರಿ!" ಅಂತ ಒಬ್ಬ ನಕ್ಕ. ನಾಲ್ಕನೇ ಪಾಠ ಯಾವಾಗ ಅಂತ ಉಳಿದವರು ಕೇಳಿದರು.

ತೀರಿಹೋದ ನನ್ನ ಹೆಂಡತಿ ನಾ ಕಟ್ಟಿದ ಚಂದದ ಗೋಡೆ ಎಂದೂ ನಿಂತು ನೋಡಲಿಲ್ಲ. ಬಿದ್ದದ್ದನ್ನ ಮಾತ್ರ ಓಣಿ ಕರೆದು ತೋರಿಸುತ್ತಿದ್ದಳು. ಮೇಡಂಗಿಂತ ಮೊದಲೇ ಪಾಠ ಸುರು ಮಾಡಿದಾಕಿ ಅವಳೇ.