ಡೈ ಆರುವವರೆಗೆ

ತೊಂಬತ್ತರ ಸುಮಾರಿಗೆ ನಾನು ಅಥಣಿಯ ಒಂದು ವರ್ಕ್‌ಶಾಪಿನಲ್ಲಿ ಸರ್ಫೇಸ್ ಗ್ರೈಂಡರ್ ನಡೆಸುತ್ತಿದ್ದೆ. ಮೈಸೂರು ಕಡೆಯವನಾದ ನನ್ನೊಂದಿಗೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತಾಡುವವರೇ ಇರಲಿಲ್ಲ. ಒಂದು ಮಧ್ಯಾಹ್ನ ರಾಯಬಾಗದ ಹಿರಿಯರೊಬ್ಬರು ಬಾಗಿಲಿನ ಬಿಜಾಗ್ರಿ ಒತ್ತುವ ಉಕ್ಕಿನ ಅಚ್ಚು, ಅಂದರೆ ಡೈ, ಮೊಂಡಾಗಿದೆಯೆಂದು ತಂದರು. ಅದರ ಮುಖ ತಿಕ್ಕಿ ಸಮ ಮಾಡಿ, "ಬಿಸಿ ಇದ್ದಾಗ ಉಕ್ಕು ಹಿಗ್ಗಿರುತ್ತೆ, ಆರಿದ ಮೇಲೇ ಅಳೀಬೇಕು," ಎಂದೆ.

"ಆರ್ಲಿ ಬಿಡ್ರಿ. ಮನ್ಯಾಗ ನನ್ನ ಹಾದಿ ಕಾಯೋರು ಯಾರದಾರ? ಆಕಿ ಹೋಗಿ ವರ್ಷಾತು," ಎಂದು ಅವರು ಸ್ಟೂಲಿನ ಮೇಲೆ ಕುಳಿತರು. ಹೆಂಡತಿ ಮಾಡುತ್ತಿದ್ದ ಶೇಂಗಾ ಹೋಳಿಗೆಯ ಸುದ್ದಿ ತೆಗೆದರು. ನಾನು ನಮ್ಮಮ್ಮನ ಬಗ್ಗೆ ಹೇಳಿದೆ.

ಕೊನೆಗೆ ಅಳತೆ ನೋಡಲು ಮೈಕ್ರೊಮೀಟರ್ ಎತ್ತಿಕೊಂಡೆ. ಅವರು ಡೈ ಮೇಲೆ ಅಂಗೈ ಇಟ್ಟು, "ಇನ್ನೂ ಬಿಸಿ ಐತ್ರಿ," ಎಂದರು.

ನಾನೂ ಮುಟ್ಟಿ ನೋಡಿದೆ. ತಣ್ಣಗಿತ್ತು.

"ಹೌದ್ರಿ," ಎಂದು ಮೈಕ್ರೊಮೀಟರನ್ನು ಪಕ್ಕಕ್ಕಿಟ್ಟು ಚಹಾ ತರಿಸಿದೆ. ಅವತ್ತು ಆ ಡೈ ಆರುವ ಹೊತ್ತಿಗೆ ಕತ್ತಲಾಗಿತ್ತು.