ಮೋಟಾರಿಗೊಂದು ಕಾರ್ಡು

ಎಪ್ಪತ್ತರ ದಶಕದ ನಡುವಿನಲ್ಲಿ, ನನಗೆ ಇಪ್ಪತ್ತೆರಡು ತುಂಬಿದಾಗ, ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಶೆಡ್ಡಿನಲ್ಲಿ ಗುಮಾಸ್ತೆಯ ಕೆಲಸಕ್ಕೆ ಸೇರಿದೆ. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವ ಶೆಡ್ಡು ಅದು. ಒಳಗೆ ಕಾಲಿಟ್ಟರೆ ವಾರ್ನಿಷಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನನಗಂತೂ ಮೊದಲ ದಿನವೇ ಆ ವಾಸನೆ ಹಿಡಿಸಿಬಿಟ್ಟಿತು. ಗೋವಿಂದರಾಜನಗರದ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅಪ್ಪ ಕಾಯಿಲೆಯಿಂದ ಕೆಲಸ ಬಿಟ್ಟಿದ್ದರು, ಸಂಬಳ ತರುತ್ತಿದ್ದವಳು ನಾನೊಬ್ಬಳೇ. ಹೀಗಾಗಿ ಆ ವಾಸನೆ ನನಗೆ ಅನ್ನದ ವಾಸನೆಯಂತೆಯೇ ಇತ್ತು.

ಶೆಡ್ಡಿನಲ್ಲಿ ನಾವು ಐದು ಜನ. ಯಜಮಾನರು, ಮೇಸ್ತ್ರಿ, ಇಬ್ಬರು ಕೆಲಸಗಾರರು, ನಾನು. ಯಜಮಾನರು ದಾವಣಗೆರೆ ಕಡೆಯವರು, ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಸದಾ ಚಿಂತೆ. ಚಿಂತೆಗೆ ಕಾರಣ ರಸ್ತೆಯ ಆಚೆ ಬದಿಯಲ್ಲೇ ಇತ್ತು. ಅಲ್ಲಿ ನಮ್ಮದೇ ಕೆಲಸದ ದೊಡ್ಡ ಅಂಗಡಿಯೊಂದು ಹೊಸದಾಗಿ ತೆರೆದಿತ್ತು. ಅವರಿಗೆ ಆರು ಮಂದಿ ಮೇಸ್ತ್ರಿಗಳು, ಮೋಟಾರು ಒಣಗಿಸುವ ಕರೆಂಟಿನ ಒಲೆ, ಒಂದು ವ್ಯಾನು. ನಮ್ಮ ಒಲೆ ಎಂದರೆ ತಗಡಿನ ಪೆಟ್ಟಿಗೆ, ಅದರೊಳಗೆ ನೇತುಹಾಕಿದ ನಾಲ್ಕು ದೊಡ್ಡ ಬಲ್ಬು.

ಶ್ರಾವಣದಲ್ಲಿ ಒಂದು ದಿನ ಯಜಮಾನರು ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. "ಮಾಗಡಿ ರೋಡಿನ ನೂಲಿನ ಮಿಲ್ಲಿನವರು ಇನ್ಮೇಲೆ ವರ್ಷದ ಕೆಲಸ ಪೂರ್ತಿ ಒಬ್ಬರಿಗೇ ಕೊಡ್ತಾರಂತೆ. ಅದು ನಮಗೆ ಬಂದ್ರೆ ಸರಿ. ಎದುರಿನವರಿಗೆ ಹೋದ್ರೆ ದೀಪಾವಳಿಗೆ ಬಾಗಿಲು ಹಾಕ್ತೀನಿ. ಮುಚ್ಚಿಟ್ಟು ಏನು ಪ್ರಯೋಜನ, ಈಗ್ಲೇ ಹೇಳ್ಬಿಟ್ಟೆ."

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಹಿಂದೆ ಒಂದು ದೊಡ್ಡ ಕಾರ್ಖಾನೆಯ ಕಾಗದಪತ್ರದ ವಿಭಾಗದಲ್ಲಿ ಆರು ತಿಂಗಳ ತಾತ್ಕಾಲಿಕ ಕೆಲಸ ಮಾಡಿದ್ದೆ. ಅಲ್ಲಿ ಸಾವಿರಾರು ಕಾರ್ಡುಗಳ ನಡುವಿನಿಂದ ಬೇಕಾದ ಒಂದನ್ನು ನಿಮಿಷದಲ್ಲಿ ಹೆಕ್ಕುವುದನ್ನು ಕಣ್ಣಾರೆ ಕಂಡಿದ್ದೆ. ಅಂಥದ್ದನ್ನು ನೋಡಿದವಳು ಈ ಶೆಡ್ಡಿಗೆ ಬಂದು, ಪ್ರತಿ ಮೋಟಾರನ್ನೂ ಹುಟ್ಟಿದ ಮಗುವಿನಂತೆ ಹೊಸದಾಗಿ ಪರಿಚಯ ಮಾಡಿಕೊಳ್ಳುವುದನ್ನು ದಿನವೂ ನೋಡಬೇಕಾಗಿತ್ತು.

ಕೆಲಸದ ರೀತಿಯೇ ಹಾಗಿತ್ತು. ಸುಟ್ಟ ಮೋಟಾರು ಬಂದರೆ ಮೇಸ್ತ್ರಿ ಮೊದಲು ಅದನ್ನು ಬಿಚ್ಚಬೇಕು, ಹಳೆಯ ತಂತಿಯ ಸುರುಳಿಯ ತುದಿ ಕತ್ತರಿಸಬೇಕು, ಎಷ್ಟು ಸುತ್ತು ಇತ್ತು, ಎಷ್ಟು ದಪ್ಪದ ತಂತಿ, ತಂತಿ ಕೂರುವ ಒಳಮೈಯ ಸೀಳುಗಳಲ್ಲಿ, ಅಂದರೆ ನಮ್ಮ ಶೆಡ್ಡಿನ ಮಾತಿನ ಗಾಡಿಗಳಲ್ಲಿ, ಯಾವುದರಿಂದ ಯಾವುದಕ್ಕೆ ಹೋಗಿತ್ತು ಎಂದು ಎಣಿಸಬೇಕು. ಆಮೇಲೆ ಹೊಸ ಸುರುಳಿ. ಮೂರು ನಾಲ್ಕು ದಿನ ಹಿಡಿಯುತ್ತಿತ್ತು. ಅದೇ ಮೋಟಾರು ಮುಂದಿನ ವರ್ಷ ಬಂದರೆ ಮತ್ತೆ ಮೊದಲಿನಿಂದ. ಒಮ್ಮೆ ಬರೆದಿಟ್ಟುಕೊಂಡಿದ್ದರೆ, "ಇಂಥ ಮೋಟಾರು ಸುಟ್ಟಿದೆ" ಎಂಬ ಸುದ್ದಿ ಬಂದ ಕೂಡಲೇ, ಮೋಟಾರು ಇನ್ನೂ ತಳ್ಳುಗಾಡಿಯಲ್ಲಿರುವಾಗಲೇ ಇಲ್ಲಿ ಸುರುಳಿ ಸುತ್ತಲು ಶುರುಮಾಡಬಹುದಲ್ಲ! ಎದುರಿನವರ ಹತ್ತಿರ ವ್ಯಾನಿದ್ದರೇನು? ನಮಗೆ ಎರಡು ದಿನದ ಮುನ್ನಡೆ ಸಿಗುತ್ತದೆ. ಇದು ಹೊಳೆದ ದಿನ ನಾನು ಬಸ್ಸಿಳಿಯುವ ಸ್ಟಾಪನ್ನೇ ಮರೆತು ವಿಜಯನಗರದವರೆಗೆ ಹೋಗಿಬಿಟ್ಟಿದ್ದೆ.

ಪ್ರಿಂಟಿಂಗ್ ಪ್ರೆಸ್ಸಿನಿಂದ ಮದುವೆ ಕರೆಯೋಲೆಗೆ ಕತ್ತರಿಸಿ ಉಳಿದ ದಪ್ಪ ಕಾಗದ ತಂದೆ. ಮೋಟಾರಿಗೊಂದು ಕಾರ್ಡು, ನಡುವೆ ಅದರ ಕಾರ್ಖಾನೆ, ನಂಬರು, ಸುತ್ತು, ತಂತಿಯ ದಪ್ಪ. ಕಾರ್ಡಿನ ಅಂಚಿನುದ್ದಕ್ಕೂ ಸಾಲಾಗಿ ತೂತು, ಒಂದೊಂದು ತೂತಿಗೂ ಒಂದೊಂದು ಅರ್ಥ: ಹತ್ತು ಕುದುರೆ ಶಕ್ತಿಯದು, ಮೂವತ್ತಾರು ಗಾಡಿಯದು, ಜೋರಾಗಿ ತಿರುಗುವುದು, ನಿಧಾನವಾಗಿ ತಿರುಗುವುದು, ಕಬ್ಬಿಣದ ಓಡು ಇಷ್ಟು ಉದ್ದ, ಇಷ್ಟು ಅಗಲ, ಹೀಗೆ. ಆ ಗುಣ ಆ ಮೋಟಾರಿಗೆ ಇದ್ದರೆ ತೂತಿನಿಂದ ಅಂಚಿನವರೆಗೆ ಕತ್ತರಿಯಿಂದ ಕಚ್ಚು ಹಾಕಿ ಬಾಯಿ ಬಿಡಿಸುವುದು. ಹುಡುಕುವಾಗ ಎಲ್ಲ ಕಾರ್ಡುಗಳನ್ನೂ ಒಟ್ಟಿಗೆ ಹಿಡಿದು, ಬೇಕಾದ ತೂತಿಗೆ ಸ್ವೆಟರ್ ಹೆಣೆಯುವ ಕಡ್ಡಿ ತೂರಿಸಿ ಎತ್ತಿ ಅಲ್ಲಾಡಿಸಿದರೆ ಸಾಕು. ಬಾಯಿ ಬಿಡಿಸಿದವು ಕೆಳಗೆ ಉದುರುತ್ತವೆ, ಉಳಿದವು ಕಡ್ಡಿಯಲ್ಲೇ ನೇತಾಡುತ್ತವೆ. ಮೊದಲ ಸಲ ಹೀಗೆ ಕಾರ್ಡು ಉದುರಿದಾಗ ಯಜಮಾನರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಇನ್ನೊಂದ್ಸಲ ಮಾಡಮ್ಮ" ಎಂದರು. ಏಳು ಸಲ ಮಾಡಿಸಿದರು.

ಮೇಸ್ತ್ರಿ ಮಾತ್ರ ತಿರುಗಿಯೂ ನೋಡಲಿಲ್ಲ. ಅವರಿಗೆ ಅರವತ್ತರ ಹತ್ತಿರ. ಕೆಂಗೇರಿಯಿಂದ ಬರುತ್ತಿದ್ದರು, ಬಿಳಿ ಶರಟಿಗೆ ಒಂದು ದಿನವೂ ವಾರ್ನಿಷಿನ ಕಲೆ ಮಾಡಿಕೊಂಡವರಲ್ಲ. ಸುತ್ತುಗಳನ್ನು ತುಟಿ ಅಲ್ಲಾಡಿಸುತ್ತಾ ಮೌನವಾಗಿ ಎಣಿಸುತ್ತಿದ್ದರು. ಎಷ್ಟು ಎಂದು ಕೇಳಿದರೆ, "ಕೆಲ್ಸ ಆಗುತ್ತಲ್ಲ ತಾಯಿ, ಲೆಕ್ಕ ಯಾಕೆ?" ಎನ್ನುತ್ತಿದ್ದರು. ನಾನೇನು ಸುಮ್ಮನೆ ಬಿಡುವವಳೇ? ಅವರು ಕತ್ತರಿಸಿ ಎಸೆದ ತಂತಿಯ ತುದಿಗಳನ್ನು ಗುಜರಿಯ ಬುಟ್ಟಿಯಿಂದ ಹೆಕ್ಕಿ, ಒಂದೊಂದೇ ಎಣಿಸಿ ಕಾರ್ಡಿಗೆ ಏರಿಸಿದೆ. ಬೆರಳೆಲ್ಲ ಗೀರಿಕೊಂಡವು.

ಒಂದು ಮಧ್ಯಾಹ್ನ ತಾಳ್ಮೆ ತಪ್ಪಿತು. "ನಿಮ್ಮ ಗುಟ್ಟು ಹೊರಗೆ ಬಂದ್ರೆ ನಿಮ್ಮ ಕೆಲ್ಸಕ್ಕೇ ಕುತ್ತು ಅಂತ ಭಯನಾ ಮೇಸ್ತ್ರಿ? ಶೆಡ್ಡೇ ಮುಚ್ಚೋಗ್ತಾ ಇದೆ, ಗುಟ್ಟು ಇಟ್ಕೊಂಡು ಏನ್ಮಾಡ್ತೀರಿ?" ಎಂದು ಎಲ್ಲರೆದುರಿಗೇ ಕೇಳಿಬಿಟ್ಟೆ. ಅವರು ಕೈತೊಳೆದುಕೊಂಡು ಟೀ ಕುಡಿಯಲು ಹೋದರು. ಇಬ್ಬರು ಕೆಲಸಗಾರರೂ ನನ್ನನ್ನು ದುರುಗುಟ್ಟಿ ನೋಡಿದರು. ನನಗೆ ಆಗ ಒಂದಿಷ್ಟೂ ಪಶ್ಚಾತ್ತಾಪವಾಗಲಿಲ್ಲ.

ನವರಾತ್ರಿ ಬಂತು. ಆಯುಧಪೂಜೆಗೆ ನಮ್ಮ ಎಸ್ಟೇಟಿನಲ್ಲಿ ಎಂಥ ಸಡಗರವೆಂದರೆ, ಹಿಂದಿನ ದಿನವೇ ಯಂತ್ರಗಳೆಲ್ಲ ನಿಂತುಬಿಡುತ್ತಿದ್ದವು. ತೊಳೆದು, ಉಜ್ಜಿ, ಬಣ್ಣ ಬಳಿದು, ಕುಂಕುಮವಿಟ್ಟು, ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚಿದರೇ ಸಮಾಧಾನ. ನೂಲಿನ ಮಿಲ್ಲಿನಲ್ಲೂ ಹಾಗೇ ಆಯಿತು. ಮೋಟಾರುಗಳಿಗೆ ಭಕ್ತಿಯಿಂದ ಹಸಿರು ಬಣ್ಣವನ್ನು ಎಷ್ಟು ದಪ್ಪಗೆ ಬಳಿದರೆಂದರೆ, ಗಾಳಿಯಾಡುವ ಕಿಂಡಿಗಳೇ ಮುಚ್ಚಿಹೋದವು. ಹಬ್ಬ ಕಳೆದು ಮಿಲ್ಲು ಶುರುವಾದ ದಿನವೇ ಎರಡು ಮೋಟಾರು ಸುಟ್ಟವು.

ಮಿಲ್ಲಿನ ಎಂಜಿನಿಯರ್ ಚುರುಕಿನ ಮನುಷ್ಯ. ಒಂದನ್ನು ನಮಗೆ, ಒಂದನ್ನು ಎದುರಿನವರಿಗೆ ಕಳುಹಿಸಿ, "ಯಾರು ಮೊದಲು ಸರಿಯಾಗಿ ಓಡಿಸಿ ಕೊಡ್ತಾರೋ ವರ್ಷದ ಕೆಲಸ ಅವರಿಗೆ" ಎಂದು ಹೇಳಿಕಳಿಸಿದರು. ನನಗೆ ಕುಣಿಯುವಷ್ಟು ಖುಷಿ. ನಮ್ಮಲ್ಲಿ ಕಾರ್ಡು ಇದೆ, ಅವರಲ್ಲಿ ಇಲ್ಲ! ಗಣೇಶನ ಹಬ್ಬದ ಹೊತ್ತಿಗೆ ಆ ಮಿಲ್ಲಿನ ಕೆಲವು ಮೋಟಾರುಗಳು ನಮ್ಮಲ್ಲಿಗೆ ಬಂದು ಕಾರ್ಡಿಗೆ ಏರಿದ್ದವು. ನೇಮ್ ಪ್ಲೇಟಿನ ನಂಬರು ನೋಡಿ ಕಾರ್ಡು ತೆಗೆದರೆ ಮುಗಿಯಿತು.

ತಳ್ಳುಗಾಡಿ ಬಂತು. ನಾನು ಓಡಿಹೋಗಿ ನೋಡಿದೆ. ನೇಮ್ ಪ್ಲೇಟು ಕನ್ನಡಿಯಂತೆ ಫಳಫಳ ಹೊಳೆಯುತ್ತಿತ್ತು, ನನ್ನ ಮುಖವೇ ಕಾಣುತ್ತಿತ್ತು. ಅಕ್ಷರ ಒಂದೂ ಇರಲಿಲ್ಲ. ಯಾರೋ ಪುಣ್ಯಾತ್ಮ ಪೂಜೆಗೆಂದು ಮರಳು ಕಾಗದ ಹಾಕಿ ತಿಕ್ಕಿ ತಿಕ್ಕಿ ನಂಬರನ್ನೆಲ್ಲ ಅಳಿಸಿಹಾಕಿದ್ದ. ಒಳಗೆ ಸುಟ್ಟ ತಂತಿಯನ್ನಾದರೂ ಎಣಿಸೋಣವೆಂದರೆ ಅದೂ ಇಲ್ಲ. ತಾಮ್ರ ಬೆಲೆಬಾಳುವ ವಸ್ತುವೆಂದು ಮಿಲ್ಲಿನವರೇ ಪೂರ್ತಿ ಕಿತ್ತು ಇಟ್ಟುಕೊಂಡಿದ್ದರು. ತಳ್ಳುಗಾಡಿಯವನನ್ನು ಕೇಳಿದರೆ, "ಎರಡೂ ಒಂದೇ ಥರದ್ದಂತೆ ಮೇಡಂ" ಎಂದ. ಬರಿಯ ಕಬ್ಬಿಣದ ಓಡು ನಮ್ಮೆದುರು ಕೂತಿತ್ತು.

ಯಜಮಾನರು ಕುರ್ಚಿಯಲ್ಲಿ ಕುಸಿದರು. ನನಗೆ ಆ ಮರಳು ಕಾಗದದವನ ಕತ್ತು ಹಿಸುಕುವಷ್ಟು ಕೋಪ. ಆದರೆ ಕೋಪದ ನಡುವೆಯೇ ನೆನಪಾಯಿತು: ನಂಬರು ಒಂದೇ ಅಲ್ಲ, ಕಾರ್ಡಿನ ಅಂಚಿನಲ್ಲಿ ಬೇರೆ ಗುಣಗಳೂ ಇವೆಯಲ್ಲ! ಟೇಪು ಹಿಡಿದು ಓಡಿನ ಉದ್ದ, ಒಳಗಿನ ಅಗಲ ಅಳೆದೆ. ಒಳಮೈಯಲ್ಲಿ ತಂತಿ ಕೂರುವ ಗಾಡಿಗಳನ್ನು ಎಣಿಸಿದೆ, ಮೂವತ್ತಾರು. ಕಡ್ಡಿ ತೂರಿಸಿದೆ. ಮೊದಲ ಸಲ ಒಂದು ಹಿಡಿ ಕಾರ್ಡು ಬಿದ್ದವು. ಅವನ್ನೇ ಎತ್ತಿ ಇನ್ನೊಂದು ತೂತಿಗೆ ಕಡ್ಡಿ, ಐದು ಬಿದ್ದವು. ಮತ್ತೊಂದು ತೂತು, ಎರಡು ಬಿದ್ದವು. ಎರಡೂ ಆ ಮಿಲ್ಲಿನವೇ!

ಅಲ್ಲಿಗೆ ದಾರಿ ನಿಂತಿತು. ಎರಡರ ಅಳತೆಯೂ ಒಂದೇ, ಆದರೆ ಒಂದು ಜೋರಾಗಿ ತಿರುಗುವ ಮೋಟಾರು, ಇನ್ನೊಂದು ನಿಧಾನದ್ದು. ಸುತ್ತು ಬೇರೆ, ತಂತಿ ಬೇರೆ. ಮಿಲ್ಲಿನವರು ಒಂದೇ ಥರದ್ದು ಎಂದುಕೊಂಡ ಎರಡು ಮೋಟಾರು ಇವೇ ಇರಬೇಕು. ನಮಗೆ ಬಂದದ್ದು ಯಾವುದು? ತಪ್ಪು ಸುತ್ತಿದರೆ ಒಂದೋ ನೂಲು ಕಡಿಯುತ್ತದೆ, ಇಲ್ಲವೇ ಮೋಟಾರು ಮತ್ತೆ ಸುಡುತ್ತದೆ, ದೀಪಾವಳಿಗೆ ಬಾಗಿಲು ಬೀಳುತ್ತದೆ. ನಾನು ಎರಡು ಕಾರ್ಡು ಹಿಡಿದು ಮಂಕುಬಡಿದವಳಂತೆ ನಿಂತೆ.

ಮೇಸ್ತ್ರಿ ಎದ್ದು ಬಂದರು. ಓಡಿನೊಳಗೆ ಕೈ ಹಾಕಿ, ಕಣ್ಣು ಮುಚ್ಚಿ, ತೋರುಬೆರಳನ್ನು ಗಾಡಿಗಳ ಅಂಚಿನ ಮೇಲೆ ಮೆಲ್ಲಗೆ ಸುತ್ತಲೂ ಎಳೆದರು. ಒಂದು ಕಡೆ ಬೆರಳು ನಿಂತಿತು.

"ನಿಧಾನದ್ದು" ಎಂದರು.

"ಹೆಂಗೆ ಹೇಳ್ತೀರಿ?" ಎಂದೆ.

"ಇಲ್ಲಿ ಮುಟ್ಟಿ ನೋಡು ತಾಯಿ. ಎರಡು ಗೀರು ಇದಾವೆ. ನಾನು ಮೊದಲ್ನೇ ಸುರುಳಿ ಕೂರಿಸೋ ಜಾಗದಲ್ಲಿ ಉಳೀಲಿ ಗೀರು ಹಾಕ್ತೀನಿ. ಜೋರಿಂದಾದ್ರೆ ಒಂದು, ನಿಧಾನದ್ದಾದ್ರೆ ಎರಡು."

ನಾನು ಮುಟ್ಟಿದೆ. ಕೂದಲೆಳೆಯಷ್ಟು ಸಣ್ಣ ಎರಡು ಕಚ್ಚು ಬೆರಳಿಗೆ ಸಿಕ್ಕವು. ನಾನು ಎರಡು ತಿಂಗಳಿನಿಂದ ಕಾಗದದ ಅಂಚಿನಲ್ಲಿ ಮಾಡುತ್ತಿದ್ದುದನ್ನು ಈ ಮನುಷ್ಯ ಇಪ್ಪತ್ತು ವರ್ಷದಿಂದ ಕಬ್ಬಿಣದ ಅಂಚಿನಲ್ಲಿ ಮಾಡುತ್ತಾ ಬಂದಿದ್ದರು!

ಆಮೇಲೆ ನಡೆದದ್ದು ಕೆಲಸವಲ್ಲ, ಹಬ್ಬ. ನಾನು ಕಾರ್ಡು ನೋಡಿ ಸುತ್ತು, ತಂತಿಯ ದಪ್ಪ ಕೂಗಿ ಹೇಳುವುದು, ಒಬ್ಬ ಕೆಲಸಗಾರ ಸುರುಳಿ ಸುತ್ತುವುದು, ಇನ್ನೊಬ್ಬ ಗಾಡಿಗಳೊಳಗೆ ಹಾಸುವ ಕಾಗದ ಕತ್ತರಿಸುವುದು, ಮೇಸ್ತ್ರಿ ಕೂರಿಸುವುದು. ಯಜಮಾನರು ತಾವೇ ಎಲ್ಲರಿಗೂ ಟೀ ತಂದುಕೊಟ್ಟರು. ಎದುರಿನ ಅಂಗಡಿಯಲ್ಲಿ ಆರು ಮೇಸ್ತ್ರಿಗಳೂ ಬರಿಯ ಓಡಿನ ಸುತ್ತ ನಿಂತು ವಾದ ಮಾಡುವುದು ಕಾಣುತ್ತಿತ್ತು. ನೋಡಬಾರದು ಅಂದುಕೊಂಡೆ, ನೋಡಿದೆ, ಖುಷಿಯೂ ಪಟ್ಟೆ. ಸಂಜೆಯೊಳಗೆ ಮೋಟಾರು ವಾರ್ನಿಷ್ ಕುಡಿದು ಬಲ್ಬಿನ ಪೆಟ್ಟಿಗೆ ಸೇರಿತು.

ಮರುದಿನ ಮಧ್ಯಾಹ್ನ ಮಿಲ್ಲಿನಲ್ಲಿ ಅದನ್ನು ಕೂರಿಸಿ ಗುಂಡಿ ಒತ್ತಿದರು. ಮೋಟಾರು ಒಂದೇ ಹದದಲ್ಲಿ ಗುಂಯ್ ಎಂದು ತಿರುಗಿತು. ಅರ್ಧ ಗಂಟೆ ಓಡಿಸಿದರೂ ಒಂದು ಎಳೆ ಕಡಿಯಲಿಲ್ಲ. ಎಂಜಿನಿಯರ್ ಮೋಟಾರಿನ ಮೈ ಮುಟ್ಟಿ ಬಿಸಿ ನೋಡಿ, ನಮ್ಮ ಕಡೆ ತಿರುಗಿದರು.

"ನಂಬರಿಲ್ಲ, ಹಳೇ ತಂತಿ ಇಲ್ಲ. ಇದು ನಿಧಾನದ ಮೋಟಾರು ಅಂತ ನಮಗೇ ಗೊತ್ತಿರ್ಲಿಲ್ಲ. ನಿಮಗೆ ಹೆಂಗೆ ಗೊತ್ತಾಯ್ತು?"

ನಾನು ಮೇಸ್ತ್ರಿಯವರನ್ನು ತೋರಿಸಲು ಕೈ ಎತ್ತಿದೆ. ಅಷ್ಟರಲ್ಲಿ ಅವರೇ ಮುಂದೆ ಬಂದು, "ಈಯಮ್ಮನ ಕಾರ್ಡಲ್ಲಿತ್ತು ಸಾರ್. ನಿಮ್ಮ ಮಿಲ್ಲಿಂದು ನಾವು ಮಾಡಿದ ಮೋಟಾರೆಲ್ಲ ಕಾರ್ಡಲ್ಲಿದಾವೆ. ಯಾವಾಗ ಕೇಳಿದ್ರೂ ಸಿಗ್ತವೆ" ಎಂದರು.

ಎಂಜಿನಿಯರ್ ಅಲ್ಲೇ ಯಜಮಾನರ ಕೈ ಕುಲುಕಿದರು. ವರ್ಷದ ಕೆಲಸ ನಮ್ಮದಾಯಿತು. ಯಜಮಾನರ ಕಣ್ಣಲ್ಲಿ ನೀರು.

ಶೆಡ್ಡಿಗೆ ಬಂದ ಮೇಲೆ ತಡೆಯಲಾಗದೆ ಕೇಳಿದೆ. "ಯಾಕೆ ಸುಳ್ಳು ಹೇಳಿದ್ರಿ ಮೇಸ್ತ್ರಿ? ಕಂಡುಹಿಡಿದಿದ್ದು ನಿಮ್ಮ ಬೆರಳು."

"ಬೆರಳು ಅಂದ್ರೆ, ಮುದುಕ ಹೋದ ಮೇಲೆ ಏನ್ಗತಿ ಅಂತಿದ್ರು. ಕಾರ್ಡು ಅಂದ್ರೆ ವರ್ಷಾನುಗಟ್ಲೆ ಕೆಲ್ಸ ಕೊಡ್ತಾರೆ" ಎಂದು ಸ್ಟೂಲು ಎಳೆದುಕೊಂಡು ನನ್ನ ಮೇಜಿನೆದುರು ಕುಳಿತರು. ಆಮೇಲೆ ದನಿ ತಗ್ಗಿಸಿ ಹೇಳಿದರು. "ಭಯನಾ ಅಂತ ಕೇಳಿದ್ಯಲ್ಲ ಅವತ್ತು. ಭಯ ಅಲ್ಲ. ನಂಗೆ ಓದೋಕೆ ಬರಲ್ಲ ತಾಯಿ. ನೀನು ಬರ್ಕೊಂಡಿದ್ದು ಸರಿನೋ ತಪ್ಪೋ ನಂಗೆ ಹೆಂಗೆ ಗೊತ್ತಾಗ್ಬೇಕು? ಗೊತ್ತಿಲ್ದೆ ಹೆಂಗೆ ಹೇಳ್ಲಿ?"

ನಾಚಿಕೆಯಿಂದ ಸತ್ತೇಹೋದೆ. ಎಲ್ಲರೆದುರು ಆಡಿದ ಆ ಮಾತನ್ನು ನುಂಗಿಕೊಳ್ಳುವುದು ಹೇಗೆ? ಕೈಗೆ ಸಿಕ್ಕ ಕಾರ್ಡನ್ನು ತೆಗೆದು, ಅವರ ತೋರುಬೆರಳನ್ನು ಹಿಡಿದು ಅಂಚಿನ ಮೇಲೆ ಇಟ್ಟೆ. "ಅಕ್ಷರ ಬೇಡ ಮೇಸ್ತ್ರಿ. ಈ ಕೊನೇ ಕಚ್ಚು ಮುಟ್ಟಿ, ಇಲ್ಲಿದ್ರೆ ನಿಧಾನದ್ದು. ಇದರ ಪಕ್ಕದಲ್ಲಿದ್ರೆ ಜೋರಿಂದು. ಇದು ಹತ್ತು ಕುದುರೆ. ಇದು ಮೂವತ್ತಾರು ಗಾಡಿ."

ಅವರ ಬೆರಳು ಕಚ್ಚಿನಿಂದ ಕಚ್ಚಿಗೆ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು. ಕಣ್ಣು ಮುಚ್ಚಿದ್ದರು. ಇನ್ನೊಂದು ಕಾರ್ಡಿಗೆ ಕೈ ಚಾಚಿದರು, ಕೊಟ್ಟೆ. ಅದನ್ನು ಅಂಚಿನುದ್ದಕ್ಕೂ ಸವರಿ, "ಇದು ಯಾವ ಫ್ಯಾಕ್ಟ್ರಿದು? ಓದು" ಎಂದರು. ಓದಿದೆ.

"ಅದು ಜೋರಿನ ಮೋಟಾರು. ನೀನು ನಿಧಾನದ್ದು ಅಂತ ಕತ್ತರಿಸಿದೀಯ. ಇದನ್ನ ಬಿಸಾಕಿ ಬೇರೆ ಮಾಡು" ಎಂದು ಮುಂದಿನ ಕಾರ್ಡಿಗೆ ಕೈ ಚಾಚಿದರು.

ಆ ಸಂಜೆ ಶೆಡ್ಡು ಮುಚ್ಚುವುದರೊಳಗೆ ಅವರು ನನ್ನ ಹನ್ನೊಂದು ತಪ್ಪು ಹಿಡಿದರು.