ಮಾವನಿಗೊಂದು ವೀರಗಲ್ಲು

ನಮ್ಮೂರಿಗೆ ಒಬ್ಬ ಹುತಾತ್ಮ ಬೇಕಾಗಿದ್ದ. ಅರವತ್ತೈದರ ಯುದ್ಧ ಮುಗಿದಿತ್ತು. ಹೊಸನಗರದ ಕಡೆಯ ಯಾವುದೋ ಊರಿನ ಹುಡುಗ ಗಡಿಯಲ್ಲಿ ಸತ್ತನೆಂದು ಸುದ್ದಿ ಬಂದು, ಅವನ ಫೋಟೋಕ್ಕೆ ಹಾರ ಹಾಕಿ ತೀರ್ಥಹಳ್ಳಿಯಲ್ಲಿ ಮೆರವಣಿಗೆ ಮಾಡಿದರು. ಅದನ್ನು ನೋಡಿ ಬಂದ ದಿನದಿಂದ ನಮ್ಮ ಅಪ್ಪಯ್ಯನಿಗೆ ಅನ್ನ ಸೇರಲಿಲ್ಲ. ಸತ್ತ ಹುಡುಗನ ದುಃಖಕ್ಕೆ ಅಂದುಕೊಂಡರೆ ನೀವು ನಮ್ಮ ಅಪ್ಪಯ್ಯನನ್ನು ಕಂಡವರಲ್ಲ. ಬರೀ ಹೊಟ್ಟೆಕಿಚ್ಚು. "ಅಷ್ಟು ಸಣ್ಣ ಊರಿಗೇ ಒಬ್ಬ ಇದಾನೆ, ನಮ್ಮೂರಿಗೆ ಎಂತ ಆಗಿದೆ?" ಎಂದು ಕವಳ ಜಗಿಯುತ್ತಾ ಬಂದವರಿಗೆಲ್ಲ ಕೇಳುತ್ತಿದ್ದರು. ಅರಳಸುರಳಿಯಿಂದ ಒಳಗಿರುವ ನಮ್ಮೂರಿಗೆ ಏನೂ ಆಗಿರಲಿಲ್ಲ. ಸೈನ್ಯಕ್ಕೆ ಹೋದವರೇ ಇರಲಿಲ್ಲ, ಅಷ್ಟೇ. ನಮ್ಮ ಗಂಡಸರು ಹೊಡೆದಾಡುತ್ತಿದ್ದದ್ದು ಬೇಲಿ ಒತ್ತಿದ್ದಕ್ಕೆ, ಬಿಟ್ಟರೆ ಬೇಟೆಯ ಹಂದಿಯ ಪಾಲು ಹಂಚುವಾಗ.

ಕೊನೆಗೆ ಅಪ್ಪಯ್ಯನಿಗೆ ತನ್ನ ತಂಗಿಯ ಗಂಡನ ನೆನಪಾಯಿತು. ಅಂದರೆ ನನ್ನ ಮಾವ. ಊರಿನ ಅಳಿಯನೂ ಊರಿನವನೇ ಅನ್ನುವುದು ಅಪ್ಪಯ್ಯನ ವಾದ. ನಾನು ಮಾವನನ್ನು ನೋಡಿಲ್ಲ. ಹಿಂದಿನ ದೊಡ್ಡ ಯುದ್ಧದ ಕಾಲದಲ್ಲಿ, ಮದುವೆಯಾಗಿ ವರ್ಷ ತುಂಬುವ ಮೊದಲೇ, ಹೆಗ್ಗೋಡಿನ ಹತ್ತಿರದ ಮನೆಯಿಂದ ಹೊರಟು ಸಾಗರದಲ್ಲಿ ರೈಲು ಹತ್ತಿದವರು ವಾಪಸು ಬರಲಿಲ್ಲ. ಯಾಕೆ ಹೋದರು ಅನ್ನುವುದಕ್ಕೆ ಅಪ್ಪಯ್ಯ ಈಗ ದೇಶಸೇವೆ, ಶೌರ್ಯ ಅಂತೆಲ್ಲ ಶುರು ಮಾಡಿದ್ದರು. ಅತ್ತೆಯ ಬಾಯಲ್ಲಿ ಕೇಳಿದರೆ ಕಥೆ ಬೇರೆ.

"ಸಾರಿಗೆ ಉಪ್ಪು ಜಾಸ್ತಿ ಅಂದ್ರು. ಹಾಗಾದ್ರೆ ನೀವೇ ಮಾಡ್ಕೊಳಿ ಅಂದೆ. ಪುಣ್ಯಾತ್ಮ ಹೋಗಿ ಇಡೀ ಸೈನ್ಯಕ್ಕೇ ಅಡುಗೆ ಮಾಡಿದ್ರು!"

ಮಾವ ಸೈನ್ಯದಲ್ಲಿ ಅಡುಗೆಯವರಾಗಿದ್ದರು. ಸಿಂಗಪುರ ಬಿದ್ದಾಗ ಜಪಾನಿನವರ ಕೈಗೆ ಸಿಕ್ಕಿದರು. ಯುದ್ಧ ಮುಗಿದ ಮೇಲೆ ಭದ್ರಾವತಿ ಕಡೆಯ ಒಬ್ಬ ಸಿಪಾಯಿ ಹುಡುಕಿಕೊಂಡು ಬಂದು ಹೇಳಿದ್ದು ಇಷ್ಟು: ಸೆರೆಯಾಳುಗಳನ್ನು ಹಡಗಿಗೆ ತುಂಬಿ ಒಂದೊಂದು ಕಡೆ ಇಳಿಸುತ್ತಾ ಹೋದರು, ಮಾವನನ್ನು ಫಿಲಿಪೈನ್ಸಿನ ಒಂದು ಸಣ್ಣ ದ್ವೀಪದಲ್ಲಿ ಇಳಿಸಿದರು, ಆಮೇಲೆ ಆ ದ್ವೀಪದ ಮೇಲೆ ಬಾಂಬು ಬಿತ್ತು. ಕೆಲವರನ್ನು ಆ ಊರಿನ ಜನರೇ ಕಾಡಿನಲ್ಲಿ ಬಚ್ಚಿಟ್ಟು ಅನ್ನ ಹಾಕಿದರಂತೆ. ಯಾರನ್ನು ಅನ್ನುವುದು ಅವನಿಗೂ ಗೊತ್ತಿಲ್ಲ. ಸರ್ಕಾರದವರು 'ಕಾಣೆಯಾಗಿದ್ದಾರೆ' ಎಂದು ತಿಳಿಸಿ ಕೈ ತೊಳೆದುಕೊಂಡರು.

ಅತ್ತೆ ಆ ಒಂದು ಮಾತನ್ನೇ ಗಟ್ಟಿಯಾಗಿ ಹಿಡಿದರು. ಕಾಣೆಯಾದವರು ಸತ್ತವರಲ್ಲ. ತವರಿಗೆ ಬಂದು ನಮ್ಮ ಜೊತೆಗಿದ್ದರೂ ಹಣೆ ತುಂಬ ಕುಂಕುಮ, ಕೈ ತುಂಬ ಗಾಜಿನ ಬಳೆ. ಮದುವೆ ಮನೆಗಳಲ್ಲಿ ಆರತಿ ಎತ್ತಲು ಮುಂದೆ ನಿಲ್ಲುವವರೇ ಅವರು. ಹನ್ನೆರಡು ವರ್ಷ ಕಳೆದ ಮೇಲೆ, ದರ್ಭೆಯ ಬೊಂಬೆ ಮಾಡಿ ಸುಟ್ಟು ಕರ್ಮ ಮುಗಿಸಿಬಿಡುವ ಎಂದು ಭಟ್ಟರೊಬ್ಬರು ಸಲಹೆ ಕೊಡಲು ಬಂದಿದ್ದರಂತೆ. ಅತ್ತೆ ಹಿಡಿಸೂಡಿ ತಗೊಂಡು ಅಂಗಳ ಗುಡಿಸಲು ಶುರು ಮಾಡಿದ ರಭಸಕ್ಕೆ ಅವರು ಕಾಫಿಯನ್ನೂ ಕುಡಿಯದೆ ಎದ್ದರಂತೆ. "ಅವರಿಗೆ ಬಂದಿರೋದು ಮುನಿಸು, ಸಾವಲ್ಲ" ಎನ್ನುತ್ತಿದ್ದರು ಅತ್ತೆ. ಊರಿನ ಹೆಂಗಸರು ಎದುರಿಗೆ ಹೌದು ಹೌದು ಅಂದು, ಬಾವಿಕಟ್ಟೆಯಲ್ಲಿ ಕಿಸಕ್ಕನೆ ನಗುತ್ತಿದ್ದರು.

ನಾನಾಗ ಸಾಗರದಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿ, ಕೆಲಸವೋ ಮದುವೆಯೋ ಯಾವುದು ಮೊದಲು ಬರುತ್ತೆ ಎಂದು ಮನೆಯಲ್ಲಿ ಕೂತಿದ್ದೆ. ಒಮ್ಮೆ ಅಟ್ಲಾಸ್ ತೆಗೆದು ಅತ್ತೆಗೆ ಫಿಲಿಪೈನ್ಸ್ ತೋರಿಸಿದೆ. ನೊಣ ಗಲೀಜು ಮಾಡಿದ ಹಾಗೆ ಚುಕ್ಕಿಯೋ ಚುಕ್ಕಿ. ಮಾವನ ದ್ವೀಪ ಯಾವುದು ಅಂದರು. ಒಂದರ ಮೇಲೆ ಬೆರಳಿಟ್ಟೆ. ಹೆಸರೇ ಗೊತ್ತಿಲ್ಲದ ದ್ವೀಪ, ಯಾವುದಾದರೇನು?

"ಅಲ್ಲಿ ಮಳೆ ಬರತ್ತಾ?"

"ಬರತ್ತೆ. ಭತ್ತ ಬೆಳೀತಾರೆ, ತೆಂಗು ಇದೆ, ಮೀನು ತಿಂತಾರೆ."

"ಮತ್ತೆಂತಕ್ಕೆ ವಾಪಸ್ ಬರ್ತಾರೆ! ಯಾವಳೋ ಉಪ್ಪು ಸರಿಯಾಗಿ ಹಾಕಿದಾಳೆ" ಎಂದು ಅತ್ತೆ ಅಟ್ಲಾಸ್ ಮುಚ್ಚಿದರು. ಸಿಟ್ಟಿಲ್ಲ, ಒಂಥರಾ ಸಮಾಧಾನವೇ ಇತ್ತು ಮುಖದಲ್ಲಿ. ಸವತಿ ಇದ್ದರೂ ಇರಲಿ, ಸಾವು ಮಾತ್ರ ಬೇಡ ಅನ್ನುವ ಲೆಕ್ಕಾಚಾರ ಅವರದ್ದು.

ಇಂಥ ಹೆಂಗಸಿನ ಎದುರು ಅಪ್ಪಯ್ಯ ಒಂದು ದಿನ ಊಟಕ್ಕೆ ಕೂತವರು, "ಬಾವನಿಗೆ ಊರಿನಿಂದ ಒಂದು ವೀರಗಲ್ಲು ನಿಲ್ಲಿಸೋದು ಅಂತ ತೀರ್ಮಾನ ಆಗಿದೆ" ಎಂದರು. ಅನ್ನ ಬಡಿಸುತ್ತಿದ್ದ ಅತ್ತೆಯ ಕೈ ನಿಂತಿತು.

"ಅವರು ಸತ್ತಿದಾರೆ ಅಂತ ನಿಮಗೆ ಯಾರು ಹೇಳಿದ್ದು ಅಣ್ಣಯ್ಯ?"

"ಸತ್ತಿದಾನೆ ಅಂತ ಯಾರು ಅಂದ್ರು? ಗೌರವ ಅಷ್ಟೇ. ನಿನ್ನ ಕುಂಕುಮಕ್ಕೆ ಯಾರೂ ಕೈ ಹಾಕಲ್ಲ."

"ಯಾರೂ ಹಾಕೋದು ಬೇಡ. ಕಲ್ಲೇ ಹಾಕತ್ತೆ."

ಅದು ಅಪ್ಪಯ್ಯನಿಗೂ ಗೊತ್ತಿತ್ತು. ಬದುಕಿದವರಿಗೆ ಯಾರೂ ವೀರಗಲ್ಲು ನೆಡುವುದಿಲ್ಲ. ಕಲ್ಲು ನಿಂತ ದಿನ ಇಡೀ ಊರಿನ ಕಣ್ಣು ಅತ್ತೆಯ ಹಣೆಯ ಮೇಲೆ. ಮನೆಗೆ ಬೆಂಕಿ ಬಿದ್ದಾಗ ಗಳ ಹಿರಿಯುವವರು ಅನ್ನುತ್ತಾರಲ್ಲ, ನಮ್ಮ ಅಪ್ಪಯ್ಯ ಬೆಂಕಿಯನ್ನೂ ತಾನೇ ಹಚ್ಚಿ ಗಳವನ್ನೂ ತಾನೇ ಹಿರಿದರು. ಅದನ್ನು ನಾನು ಅವರ ಮುಖಕ್ಕೇ ಹೇಳಿ ಬೈಸಿಕೊಂಡೆ.

ಕಲ್ಲು ಕೆತ್ತಲು ಸಾಗರದಿಂದ ಗುಡಿಗಾರರೊಬ್ಬರನ್ನು ಕರೆಸಿದರು. ಅವರು ಅಲ್ಲಿಯವರೆಗೆ ಗಂಧದ ಪೆಟ್ಟಿಗೆ, ಅಂಗೈಯಗಲದ ಗಣಪತಿ ಮಾಡಿಕೊಂಡಿದ್ದವರು. "ಕಲ್ಲೂ ಮರದ ಹಾಗೇ, ಬೈಗುಳ ಸ್ವಲ್ಪ ಜಾಸ್ತಿ ಬೇಕು" ಎನ್ನುತ್ತಾ ನಮ್ಮ ಅಂಗಳದಲ್ಲಿ ಚಪ್ಪರದ ಕೆಳಗೆ ಕೂತರು. ಮಾದರಿಗೆ ನಮ್ಮ ಕೆರೆಯ ದಂಡೆಯಲ್ಲಿ ಹಳೇ ವೀರಗಲ್ಲೊಂದು ಇತ್ತು. ಯಾವ ಕಾಲದ ಯಾವ ಪುಣ್ಯಾತ್ಮನೋ, ಊರಿನವರೆಲ್ಲ ಅವನ ಮೇಲೆ ಕತ್ತಿ ಮಸೆದು ಮಸೆದು ಅರ್ಧ ಸವೆಸಿದ್ದರು. ನಮ್ಮೂರಿನಲ್ಲಿ ವೀರರಿಗೆ ಸಿಗುವ ಮರ್ಯಾದೆ ಅದು. ಕೆಳಗಿನ ಸಾಲಿನಲ್ಲಿ ಕಾದಾಟ, ನಡುವಿನ ಸಾಲಿನಲ್ಲಿ ಇಬ್ಬರು ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗ.

ಅತ್ತೆ ದಿನಾ ಕಾಫಿ ಕೊಡುವ ನೆಪದಲ್ಲಿ ಹೋಗಿ ತಪಾಸಣೆ ಮಾಡುತ್ತಿದ್ದರು. ಮೊದಲ ಜಗಳ ಕತ್ತಿಯದ್ದು.

"ಗುಡಿಗಾರ್ರೇ, ಅವರು ಕತ್ತಿ ಹಿಡಿದಿದ್ದು ಹಲಸಿನಕಾಯಿ ಕೊಯ್ಯೋಕೆ. ಸೌಟು ಕೆತ್ತಿ."

"ಸೌಟು ಹಿಡಿದ ವೀರ ಎಲ್ಲಾದ್ರೂ ಇದಾನೇನೇ?" ಎಂದು ಜಗಲಿಯಿಂದ ಅಪ್ಪಯ್ಯ ಕೂಗಿದರು.

"ಸೌಟಿಲ್ದೆ ಯಾವ ವೀರ ಬದುಕಿದಾನೆ, ನೀವೇ ಹೇಳಿ ಅಣ್ಣಯ್ಯ!"

ಅಪ್ಪಯ್ಯ ಕವಳ ಉಗಿಯಲು ಎದ್ದು ಹೋದರು. ಆದರೂ ಕತ್ತಿಯೇ ಗೆದ್ದಿತು. ಎರಡನೇ ಜಗಳ ಅಪ್ಸರೆಯರದ್ದು.

"ಇವರ್ಯಾರು?"

"ಅಪ್ಸರೆಯರು ಅಮ್ಮ. ವೀರ ಬಿದ್ದ ಕೂಡ್ಲೆ ಬಂದು ಕರ್ಕೊಂಡು ಹೋಗ್ತಾರೆ."

"ಕೆರೆದು ತೆಗೀರಿ. ದ್ವೀಪದವಳೊಬ್ಬಳು ಇದ್ರೆ ಇರ್ಲಿ ಅಂತ ನಾನು ಮನಸ್ಸು ಗಟ್ಟಿ ಮಾಡ್ಕೊಂಡಿದೀನಿ. ಈ ಮೇಲಿನವರು ಬೇಡ."

"ಅವರಿಲ್ದೆ ಸ್ವರ್ಗಕ್ಕೆ ಹೆಂಗೆ ಹೋಗೋದು ಅಮ್ಮ?"

"ರೈಲಲ್ಲಿ ಹೋದೋರು ಅವರು. ರೈಲು ಕೆತ್ತಿ."

ಗುಡಿಗಾರರಿಗೆ ನಗು ತಡೆಯಲಾಗದೆ ಉಳಿ ಜಾರಿ ಒಬ್ಬ ಅಪ್ಸರೆಯ ಮೂಗು ಹಾರಿಹೋಯಿತು. ಅಪ್ಪಯ್ಯ ತಲೆ ಚಚ್ಚಿಕೊಂಡರು. ಅತ್ತೆಗೆ ಆ ದಿನ ಪೂರ್ತಿ ಖುಷಿಯೋ ಖುಷಿ.

ಮೂರನೆಯದು ಮೀಸೆ. ಅಪ್ಪಯ್ಯನಿಗೆ ವೀರನಿಗೆ ಹುರಿ ಮೀಸೆ ಬೇಕು. ಅತ್ತೆ, ಅವರಿಗೆ ಮೀಸೆಯೇ ಇರಲಿಲ್ಲ ಅಂದರು. ಮಾವನ ಫೋಟೋ ಒಂದೂ ಇರಲಿಲ್ಲ. ಗುಡಿಗಾರರು ಉಳಿ ಕೆಳಗಿಟ್ಟು, ತಮಾಷೆಗಲ್ಲ, ನಿಜವಾಗಿಯೇ ಕೇಳಿದರು: "ಹಾಗಾದ್ರೆ ಹೇಳಿ ಅಮ್ಮ, ನೀವು ಹೇಳಿದ ಹಂಗೇ ಮಾಡ್ತೀನಿ. ಮೂಗು ಹೆಂಗಿತ್ತು? ಹಣೆ?"

ಅತ್ತೆ ಬಾಯಿ ತೆಗೆದರು. ಮುಚ್ಚಿದರು. ಕಾಫಿ ಲೋಟ ತೆಗೆದುಕೊಂಡು ಒಳಗೆ ಬಂದರು. ಹಿಂದೆಯೇ ಹೋದ ನನಗೆ ಹೆದರಿಕೆಯಾಯಿತು, ಯಾಕೆಂದರೆ ಅತ್ತೆಗೆ ಮಾತು ಸಿಗದೇ ಇದ್ದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಮುಖ ಬರ್ತಿಲ್ಲ ಕಣೇ" ಎಂದರು, ಒಲೆಯ ಮುಂದೆ ಕೂತು. "ಮೂಗು ಅಂದ್ರೆ ಅಣ್ಣಯ್ಯನ ಮೂಗು ಬರತ್ತೆ. ಕಣ್ಣು ಅಂದ್ರೆ ಆ ಗುಡಿಗಾರನ ಕಣ್ಣೇ ಬರತ್ತೆ. ನಾನು ಇಷ್ಟು ವರ್ಷ ಯಾರಿಗೆ ಕಾಯ್ತಾ ಇದ್ದಿದ್ದು ಹಾಗಾದ್ರೆ?"

ಅಯ್ಯೋ ಅತ್ತೆ, ಅಂದೆ ಅಷ್ಟೇ. ಆ ದಿನ ಅವರು ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ನೇರ ಚಪ್ಪರಕ್ಕೆ ಹೋದರು. "ಗುಡಿಗಾರ್ರೇ, ಕಿವಿ ನೆನಪಿದೆ" ಎಂದರು. "ಮುನಿಸು ಬಂದ್ರೆ ಗೋಡೆ ಕಡೆ ತಿರುಗಿ ಮಲಗೋರು. ದಿನಾ ಒಂದಲ್ಲ ಒಂದಕ್ಕೆ ಮುನಿಸು. ಬೆಳಗಾಗೋದ್ರೊಳಗೆ ಅವರೇ ಈ ಕಡೆ ತಿರುಗೋರು, ಅದು ಬೇರೆ. ಆದ್ರೆ ನಾನು ಕಣ್ತುಂಬ ನೋಡಿದ್ದು ಆ ಬಲಗಿವೀನೇ." ಆಮೇಲೆ ಕಿವಿಯ ವರ್ಣನೆ ಮಾಡಿದರು ನೋಡಿ! ಹಾಲೆ ದಪ್ಪ, ಕೆನ್ನೆಗೆ ಅಂಟಿಕೊಂಡಿದ್ದು. ಒಂಟಿ ಹಾಕುತ್ತಿದ್ದ ತೂತು ಕೆಳಗೆ ಸ್ವಲ್ಪ ಹರಿದದ್ದು. ಮೇಲಿನ ಅಂಚಿನಲ್ಲಿ ಒಂದು ಸಣ್ಣ ಮಡಿಕೆ. ಗುಡಿಗಾರರು ಕೆತ್ತುವುದು, ಅತ್ತೆ ಬೆರಳಿನಿಂದ ಮುಟ್ಟಿ ನೋಡಿ ಇನ್ನೂ ಸ್ವಲ್ಪ ಅನ್ನುವುದು, ಹೀಗೇ ನಡೆಯಿತು. ಮುಖವನ್ನು ಗುಡಿಗಾರರು ಆಚೆ ತಿರುಗಿಸಿಯೇ ಬಿಟ್ಟರು. ಎದುರಿಗೆ ನಿಂತರೆ ಕಾಣುವುದು ಕತ್ತು, ಕೂದಲು ಮತ್ತು ಆ ಕಿವಿ. ಅಪ್ಪಯ್ಯ ಕೂಗಾಡಿದರು. ಮುಖವಿಲ್ಲದ ವೀರನ ಕಲ್ಲಿಗೆ ಹಾರ ಹಾಕಲು ಯಾರನ್ನು ಕರೆಯುವುದು ಅಂದರು. ಗುಡಿಗಾರರು ಕಿವುಡರ ಹಾಗೆ ಕೆಲಸ ಮಾಡಿದರು. ಅತ್ತೆ ಆಮೇಲೆ ಅಪ್ಸರೆಯರ ಸುದ್ದಿ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಆ ದ್ವೀಪದವರೂ ತಮ್ಮ ಸತ್ತವರಿಗೆ ಎಲ್ಲೋ ಒಂದು ಕಲ್ಲು ನಿಲ್ಲಿಸಿರಬಹುದು. ಇಂಥ ಕಿವಿ ಅದರಲ್ಲಿ ಇರಲಿಕ್ಕಿಲ್ಲ.

ಕಲ್ಲು ನಿಲ್ಲಿಸಿದ ದಿನ ಶಾಲೆಯ ಮೈದಾನ ತುಂಬ ಜನ. ತೀರ್ಥಹಳ್ಳಿಯಿಂದ ಬಂದ ಮುಖಂಡರೊಬ್ಬರು ಮಾವನನ್ನು ಹುಲಿ ಅಂದರು, ಸಿಂಹ ಅಂದರು, ಕೊನೆಗೆ ಹೆಸರು ಮರೆತು ಅಪ್ಪಯ್ಯನನ್ನು ಕೇಳಿ ತಿಳಿದುಕೊಂಡರು. ಹೆಂಗಸರು ಯಾರೂ ಭಾಷಣ ಕೇಳುತ್ತಿರಲಿಲ್ಲ. ಬಾವಿಕಟ್ಟೆಯ ಪಟಾಲಂ ಪೂರ್ತಿ ಮುಂದಿನ ಸಾಲಿನಲ್ಲಿ ಕೂತು ಅತ್ತೆಯನ್ನೇ ನೋಡುತ್ತಿತ್ತು. ಅತ್ತೆ ತನ್ನ ಮದುವೆ ಸೀರೆ ಉಟ್ಟಿದ್ದರು, ಹಣೆಗೆ ದಿನಕ್ಕಿಂತ ದೊಡ್ಡ ಕುಂಕುಮ. "ನೋಡಿದ್ಯಾ ಸೊಕ್ಕು!" ಎಂದು ಒಬ್ಬಳು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಅವಳ ಜುಟ್ಟು ಹಿಡಿಯಬೇಕೆನಿಸಿತು.

ಮುಖಂಡರು ಹಾರ ಹಾಕಿ ಹಿಂದೆ ಸರಿದ ಮೇಲೆ ಅತ್ತೆ ಎದ್ದರು. ಕಲ್ಲಿನ ಹತ್ತಿರ ಹೋಗಿ ಹಾರವನ್ನು ಪಕ್ಕಕ್ಕೆ ಸರಿಸಿದರು, ಕಿವಿ ಮುಚ್ಚಿತ್ತಲ್ಲ. ಬಗ್ಗಿ ಆ ಕಿವಿಗೆ ಬಾಯಿಟ್ಟು ಹೇಳಿದರು. ಗುಟ್ಟಿನಲ್ಲಿ ಮಾತಾಡುವ ಅಭ್ಯಾಸ ಅವರಿಗೆ ಯಾವತ್ತೂ ಇರಲಿಲ್ಲ, ಇಡೀ ಮೈದಾನಕ್ಕೆ ಕೇಳಿಸಿತು.

"ಸಾಕು ಮಾರಾಯ್ರೇ. ಉಪ್ಪು ಜಾಸ್ತಿಯಾಗಿದ್ದು ಹೌದು, ಒಪ್ಕೊಂಡೆ. ಈಗಾದ್ರೂ ಈ ಕಡೆ ತಿರುಗಿ."

ಹಿಂದಿನಿಂದ ಯಾರೋ ನಕ್ಕರು. ಆಮೇಲೆ ಆ ನಗುವೂ ನಿಂತಿತು, ಯಾಕೆಂದರೆ ಅತ್ತೆ ಅಲ್ಲೇ ನಿಂತಿದ್ದರು. ನಿಜವಾಗಿ ಕಾಯುತ್ತಿದ್ದರು. ನಾನು ಕೂಡ ದಡ್ಡಿಯ ಹಾಗೆ ಆ ಕಲ್ಲಿನ ಕತ್ತನ್ನೇ ನೋಡುತ್ತಾ ನಿಂತೆ. ಅಪ್ಪಯ್ಯ ಎದ್ದು ಬಂದು ಅತ್ತೆಯ ತೋಳು ಹಿಡಿದರು. "ಬಾ ತಂಗಿ, ತಪ್ಪಾಯ್ತು. ಕಲ್ಲು ಕಿತ್ತು ಹಾಕಿಸ್ತೀನಿ, ಬಾ" ಎಂದರು. ಅಪ್ಪಯ್ಯ ಅತ್ತದ್ದನ್ನು ನಾನು ನೋಡಿದ್ದು ಆಗಲೇ.

ಅತ್ತೆ ಅವರ ಕೈ ಬಿಡಿಸಿಕೊಂಡು, ಬೆವರು ಒರೆಸಿಕೊಳ್ಳುವ ಹಾಗೆ ಸೆರಗಿನಿಂದ ಹಣೆ ಒರೆಸಿಕೊಂಡರು. ಕುಂಕುಮ ಸೆರಗಿಗೆ ಬಂತು.

"ಬಿಡಿ ಅಣ್ಣಯ್ಯ, ಇರ್ಲಿ ಕಲ್ಲು" ಎಂದರು. "ಮುನಿಸಾಗಿದ್ರೆ ಇಷ್ಟೊತ್ತಿಗೆ ತಿರುಗ್ತಿದ್ರು."